ಓಪನ್‌ಎಪಿ: ಎಂಪಿಎಚ್ ಪ್ರಬಂಧಕ್ಕೆ ಎಷ್ಟರ ಮಟ್ಟಿಗೆ ಒದಗುತ್ತದೆ?

ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಪ್ರಬಂಧದ ಪ್ರೋಟೊಕಾಲ್ (ಅಧ್ಯಯನದ ಯೋಜನೆ) ಬರೆಯಲು ಕೂತವರಿಗೆ ಗೈಡ್ ಮೊದಲು ಕೇಳುವುದೇ 'ಸ್ಯಾಂಪಲ್ ಎಷ್ಟು ಮಂದಿ, ಅಷ್ಟೇ ಯಾಕೆ?' ಎಂದು. ಈ ಕೆಲಸಕ್ಕೆ ಸಿಗುವ ಉಚಿತ ಸಾಧನಗಳಲ್ಲಿ ಓಪನ್‌ಎಪಿ ಎಂಬ ಅಂಕಿಅಂಶ ಲೆಕ್ಕದ ಜಾಲತಾಣವನ್ನೇ ಮೊದಲು ಕಲಿಯಿರಿ ಎನ್ನಬಹುದು. ಬ್ರೌಸರ್‌ನಲ್ಲೇ ನಡೆಯುತ್ತದೆ. ಖಾತೆ ತೆರೆಯಬೇಕಿಲ್ಲ. ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತದೆ. ರೋಗ ಸಮೀಕ್ಷೆಯ ಸಾಫ್ಟ್‌ವೇರ್ ಎಪಿ ಇನ್ಫೋ ಕಟ್ಟಿದ ಆಂಡ್ರ್ಯೂ ಡೀನ್, ಜೊತೆಗೆ ಸಲಿವನ್ ಮತ್ತು ಸೋ ಇದನ್ನು ರೂಪಿಸಿದವರು. ಪುಟದಲ್ಲಿ ಕಾಣುವ ಆವೃತ್ತಿ 3.01, ದಿನಾಂಕ 2013ರ ಏಪ್ರಿಲ್ 6. ನೋಟ ಹಳೆಯದು ನಿಜ, ಆದರೆ ಒಳಗಿರುವ ಸೂತ್ರಗಳಿಗೆ ವಯಸ್ಸಾಗುವುದಿಲ್ಲ.

ಎಡಗಡೆಯ ಪಟ್ಟಿಯಲ್ಲಿ ಸ್ಯಾಂಪಲ್ ಸೈಜ್, ಅದರೊಳಗೆ ಪ್ರೊಪೋರ್ಷನ್ ಆರಿಸಿಕೊಂಡರೆ ನಾಲ್ಕು ಖಾನೆಗಳು ಬರುತ್ತವೆ: ಜನಸಂಖ್ಯೆ, ನಿರೀಕ್ಷಿತ ಪ್ರಮಾಣ, ನಿಖರತೆ, ಡಿಸೈನ್ ಎಫೆಕ್ಟ್ (ಗುಂಪುಗುಂಪಾಗಿ ಆರಿಸಿದಾಗ ಸ್ಯಾಂಪಲ್ ಎಷ್ಟು ಪಟ್ಟು ಹೆಚ್ಚಬೇಕು ಎಂಬುದು). ಏನನ್ನೂ ಬದಲಿಸದಿದ್ದರೆ ಇವು 10 ಲಕ್ಷ, ಶೇ. 50, ಶೇ. 5 ಮತ್ತು 1 ಆಗಿರುತ್ತವೆ, ಶೇ. 95ರ ವಿಶ್ವಾಸಮಟ್ಟದ ಸಾಲಿನಲ್ಲಿ ಉತ್ತರ 384. ಪ್ರಬಂಧ ಪ್ರಬಂಧದಲ್ಲೂ ಕಾಣುವ 384 ಹುಟ್ಟುವುದು ಹೀಗೆಯೇ, ಖಾನೆಗಳನ್ನು ಮುಟ್ಟದೆ ಗುಂಡಿ ಒತ್ತಿದಾಗ.

ಹೆಚ್ಚಿನವರು ಎಡವುವುದು ಮೂರನೆಯ ಖಾನೆಯಲ್ಲಿ. ಅಲ್ಲಿ ಹಾಕುವ 5 ಎಂದರೆ ಎರಡೂ ಬದಿಗೆ ಐದು ಶೇಕಡಾ ಅಂಶಗಳು, ಪ್ರಮಾಣದ ಶೇ. 5 ಅಲ್ಲ. ಶೇ. 2ರಷ್ಟು ಮಂದಿಯಲ್ಲಿ ಇರಬಹುದಾದ ಕಾಯಿಲೆಗೆ ಅದೇ 5 ಇಟ್ಟರೆ ಸಾಧನ 31 ಮಂದಿ ಸಾಕು ಎನ್ನುತ್ತದೆ. ಅಂದರೆ ಕಾಯಿಲೆಯ ಪ್ರಮಾಣ ಸೊನ್ನೆಗಿಂತ ಮೂರು ಕಡಿಮೆಯಿಂದ ಏಳರವರೆಗೆ ಎಂದಂತಾಯಿತು, ಇದಕ್ಕೆ ಅರ್ಥವಿಲ್ಲ. ನಿಖರತೆಯನ್ನು 1ಕ್ಕೆ ಇಳಿಸಿದರೆ 753 ಬರುತ್ತದೆ. ಸಾಧನ ಎಚ್ಚರಿಸುವುದಿಲ್ಲ, ಕೊಟ್ಟದ್ದನ್ನು ಲೆಕ್ಕ ಹಾಕುತ್ತದೆ ಅಷ್ಟೆ. 'ಏನೂ ಗೊತ್ತಿಲ್ಲದಿದ್ದರೆ 50 ಹಾಕಿ, ಸುರಕ್ಷಿತ' ಎಂಬ ಮಾತನ್ನೂ ಹಾಗೇ ನಂಬಬೇಡಿ. ಶೇ. 2ರ ಕಾಯಿಲೆಗೆ 384 ಮಂದಿಯನ್ನು ನೋಡಿದರೆ ಸಿಗುವ ರೋಗಿಗಳು ಏಳೆಂಟು. ಅವರನ್ನಿಟ್ಟುಕೊಂಡು ಕಾರಣಗಳ ವಿಶ್ಲೇಷಣೆ ಸಾಧ್ಯವಿಲ್ಲ. ಸಂಬಂಧ ಹುಡುಕುವುದೇ ಮುಖ್ಯ ಉದ್ದೇಶವಾದರೆ ಕೇಸ್-ಕಂಟ್ರೋಲ್ (ರೋಗಿಗಳನ್ನು ರೋಗವಿಲ್ಲದವರೊಂದಿಗೆ ಹೋಲಿಸುವುದು) ಅಥವಾ ಕೋಹಾರ್ಟ್ (ಗುಂಪೊಂದನ್ನು ಕಾಲಕ್ರಮದಲ್ಲಿ ಹಿಂಬಾಲಿಸುವುದು) ಖಾನೆಗೇ ಹೋಗಬೇಕು. ಅಲ್ಲಿ ಕೆಲ್ಸಿ, ಫ್ಲೈಸ್, ತಿದ್ದುಪಡಿಯೊಂದಿಗಿನ ಫ್ಲೈಸ್ ಎಂಬ ಮೂರು ಸೂತ್ರಗಳ ಉತ್ತರ ಒಟ್ಟಿಗೆ ಬರುತ್ತವೆ. ಯಾವುದನ್ನು ಬಳಸುತ್ತೀರೆಂದು ಮೊದಲೇ ತೀರ್ಮಾನಿಸಿ. ಚಿಕ್ಕದನ್ನು ನೋಡಿ ಆರಿಸುವುದು ಪ್ರಾಮಾಣಿಕವಲ್ಲ.

ಜನಸಂಖ್ಯೆಯ ಖಾನೆ ದೊಡ್ಡ ಊರಿನ ಅಧ್ಯಯನಕ್ಕೆ ಲೆಕ್ಕಕ್ಕೇ ಬಾರದು, ಒಂದು ಸಂಸ್ಥೆಯೊಳಗಿನ ಅಧ್ಯಯನಕ್ಕೆ ಬಹಳ ಮುಖ್ಯ: 800 ಎಂದು ಹಾಕಿದರೆ 384 ಇದ್ದದ್ದು 260ಕ್ಕೆ ಇಳಿಯುತ್ತದೆ. ಕ್ಲಸ್ಟರ್ ಮಾದರಿ (ಹಳ್ಳಿ, ಶಾಲೆಯಂತಹ ಗುಂಪುಗಳನ್ನೇ ಆರಿಸುವುದು) ತೆಗೆಯುವವರು ಡಿಸೈನ್ ಎಫೆಕ್ಟ್ ಅನ್ನು 1ರಲ್ಲೇ ಬಿಡಬಾರದು. ಪ್ರತಿ ಕ್ಲಸ್ಟರ್‌ನಲ್ಲಿ 21 ಮಂದಿ, ಒಳಸಹಸಂಬಂಧ (ಒಂದೇ ಗುಂಪಿನವರು ಪರಸ್ಪರ ಎಷ್ಟು ಹೋಲುತ್ತಾರೆಂಬ ಅಳತೆ) 0.05 ಎಂದಾದರೆ 1 + (20 × 0.05), ಅಂದರೆ 2, ಸ್ಯಾಂಪಲ್ 768.

ಇಲ್ಲಿ ನಿಜಕ್ಕೂ ಕೊರತೆ ಎನಿಸುವುದು ಪ್ರತಿಕ್ರಿಯೆ ಕೊಡದವರಿಗಾಗಿ ಖಾನೆಯೇ ಇಲ್ಲದಿರುವುದು. ಅದನ್ನು ಕೈಯಾರೆ ಮಾಡಬೇಕು, ಭಾಗಿಸಿ ಮಾಡಬೇಕು. ಶೇ. 10ರಷ್ಟು ಮಂದಿ ನಿರಾಕರಿಸಬಹುದೆಂದರೆ 384ನ್ನು 0.9ರಿಂದ ಭಾಗಿಸಿ 427. ಶೇ. 10 ಕೂಡಿಸಿ 422ಕ್ಕೇ ನಿಲ್ಲಿಸಿದರೆ ಕೊನೆಯಲ್ಲಿ ಕೈಗೆ ಉಳಿಯುವುದು ಸುಮಾರು 380.

ಎಕ್ಸ್‌ಪೋಷರ್ (ಶಂಕಿತ ಕಾರಣ) ಇದ್ದವರು-ಇಲ್ಲದವರು, ಕಾಯಿಲೆ ಬಂದವರು-ಬಾರದವರು ಎಂಬ ನಾಲ್ಕು ಎಣಿಕೆಗಳ ಎರಡು-ಎರಡರ ಕೋಷ್ಟಕ ಈ ಸಾಧನದ ಅತ್ಯುತ್ತಮ ಭಾಗ. ಕೈ-ವರ್ಗ, ಫಿಷರ್, ಮಿಡ್-ಪಿ ಪರೀಕ್ಷೆಗಳು, ವಿಶ್ವಾಸಾಂತರದೊಂದಿಗೆ ರಿಸ್ಕ್ ರೇಶಿಯೊ (ಎರಡು ಗುಂಪುಗಳ ಅಪಾಯದ ಅನುಪಾತ), ಆಡ್ಸ್ ರೇಶಿಯೊ (ಬಂದವರು-ಬಾರದವರ ಅನುಪಾತಗಳ ಹೋಲಿಕೆ) ಎಲ್ಲವೂ ಒಂದೇ ಪುಟದಲ್ಲಿ ಬರುತ್ತವೆ. ವಯಸ್ಸು, ಲಿಂಗದಂತಹ ಸ್ತರಗಳನ್ನು ಸೇರಿಸಿದರೆ ಅವನ್ನು ಒಟ್ಟುಗೂಡಿಸಿ ಸರಿಹೊಂದಿಸಿದ ಮ್ಯಾಂಟೆಲ್-ಹೆನ್ಸೆಲ್ ಅಂದಾಜೂ ಸಿಗುತ್ತದೆ. ಗೊಂದಲಕಾರಿ ಅಂಶ (ಕಾರಣ-ಕಾಯಿಲೆಯ ಸಂಬಂಧವನ್ನು ಮಸುಕುಗೊಳಿಸುವ ಮೂರನೆಯ ಅಂಶ) ಹೇಗೆ ಕೆಲಸ ಮಾಡುತ್ತದೆಂದು ಕಲಿಯಲು ಇದಕ್ಕಿಂತ ಸರಳ ದಾರಿ ಇಲ್ಲ. ಖಾನೆಗಳಲ್ಲಿ ಶೇಕಡಾವಾರು ಹಾಕಬಾರದು, ಮಂದಿಯ ಎಣಿಕೆಯನ್ನೇ ಹಾಕಬೇಕು. ಎಕ್ಸ್‌ಪೋಷರ್ ಅಡ್ಡಸಾಲಿನಲ್ಲಿ, ಕಾಯಿಲೆ ಕಂಬಸಾಲಿನಲ್ಲಿ ಇದೆಯೇ ಎಂದು ಎರಡು ಸಲ ನೋಡಿ. 40, 60 ಮೇಲೆ, 20, 80 ಕೆಳಗೆ ಇದ್ದರೆ ರಿಸ್ಕ್ ರೇಶಿಯೊ 2. ಅಡ್ಡಸಾಲು-ಕಂಬಸಾಲು ಅದಲುಬದಲಾದರೆ ಅದು 1.56 ಆಗುತ್ತದೆ, ಆಡ್ಸ್ ರೇಶಿಯೊ ಮಾತ್ರ ಎರಡೂ ಕಡೆ 2.67. ಹೀಗಾಗಿ ಆಡ್ಸ್ ರೇಶಿಯೊ ಒಂದನ್ನೇ ನೋಡಿದವರಿಗೆ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕೇಸ್-ಕಂಟ್ರೋಲ್ ದತ್ತಾಂಶ ಕೊಟ್ಟರೂ ರಿಸ್ಕ್ ರೇಶಿಯೊ ತೋರಿಸುತ್ತದೆ. ಅದನ್ನು ಪ್ರಬಂಧಕ್ಕೆ ಎತ್ತಿಕೊಳ್ಳಬೇಡಿ. ರೋಗಿಗಳು ಮತ್ತು ಕಂಟ್ರೋಲ್‌ಗಳು ಎಷ್ಟು ಮಂದಿ ಎಂದು ನಿರ್ಧರಿಸಿದ್ದು ಅಧ್ಯಯನ ಮಾಡಿದವರೇ ಆದ್ದರಿಂದ ಆ ಸಂಖ್ಯೆ ಅಪಾಯವನ್ನು ಅಳೆಯುವುದಿಲ್ಲ.

ಕಚ್ಚಾ ದತ್ತಾಂಶದ ಕಡತ ಇದಕ್ಕೆ ಕೊಡಲಾಗದು, ಲಾಜಿಸ್ಟಿಕ್ ರಿಗ್ರೆಶನ್ (ಹಲವು ಅಂಶಗಳನ್ನು ಒಟ್ಟಿಗೆ ತೂಗುವ ವಿಶ್ಲೇಷಣೆ) ಇಲ್ಲ. ಅದಕ್ಕೆ ಆರ್, ಸ್ಟೇಟಾದಂತಹ ಸಾಫ್ಟ್‌ವೇರ್ ಬೇಕು. ಅಲ್ಲಿ ಬಂದ ಕಚ್ಚಾ (ಬೇರೆ ಅಂಶಗಳನ್ನು ಸರಿಹೊಂದಿಸದ) ಆಡ್ಸ್ ರೇಶಿಯೊ ಇಲ್ಲಿ ಹಾಕಿದ ನಾಲ್ಕು ಎಣಿಕೆಗಳಿಗೆ ತಾಳೆಯಾಗದಿದ್ದರೆ ಕೋಡಿಂಗ್‌ನಲ್ಲಿ 0 ಮತ್ತು 1 ಅದಲುಬದಲಾಗಿದೆಯೇ ಎಂದು ಮೊದಲು ನೋಡಿ. ಫಲಿತಾಂಶ ಸಾಧನದಲ್ಲಿ ತಾನಾಗಿ ಉಳಿಯದ ಕಾರಣ, ಪುಟವನ್ನು ಆಗಲೇ ನಕಲಿಸಿ, ಖಾನೆಗಳಲ್ಲಿ ಹಾಕಿದ ಅಂಕಿಗಳು ಮತ್ತು ಆವೃತ್ತಿ ಸಂಖ್ಯೆಯನ್ನು ಪ್ರಬಂಧದ ವಿಧಾನ ಅಧ್ಯಾಯದಲ್ಲಿ ಬರೆದಿಡಿ.