ಮೂರು ಬೇಸಿಗೆ, ಒಂದು ಮರುಭೂಮಿ: ನನ್ನ ಮೆಶ್ ಜಾಕೆಟ್

ಬೈಕ್ ಓಡಿಸುವಾಗ ಹಾಕುವ ಈ ಜಾಕೆಟ್ ತಗೊಂಡಿದ್ದು 2022ರ ಮಾರ್ಚ್‌ನಲ್ಲಿ, 7,800 ರೂಪಾಯಿಗೆ. "ಬಳ್ಳಾರಿ ಬಿಸಿಲಲ್ಲಿ ಬನಿಯನ್ನೇ ಭಾರ, ನಿನಗೆ ಜಾಕೆಟ್ ಬೇರೆ ಕೇಡು" ಅಂತ ಅವ್ವನ ಕೈಲಿ ಬೈಸಿಕೊಂಡಿದ್ದೂ ಆಯಿತು. ಕಂಪನಿ ಹೆಸರು ಬೇಡ ಬಿಡಿ. ಬೂದು ಬಣ್ಣದ, ಬಲೆಯ ಹಾಗೆ ತೂತು ತೂತಾದ ಮೆಶ್ ಬಟ್ಟೆ, ಭುಜಕ್ಕೂ ಮೊಣಕೈಗೂ ಪೆಟ್ಟು ತಡೆಯುವ ಗಾರ್ಡ್, ಒಳಗೆ ಬಿಚ್ಚಿ ಹಾಕುವ ಎರಡು ಲೈನರ್: ಒಂದು ಚಳಿಗೆ, ಒಂದು ಮಳೆಗೆ. ಗಾಳಿ ಚೆನ್ನಾಗಿ ಆಡಲಿ ಅಂತ ನನ್ನ ಅಳತೆಗಿಂತ ಒಂದು ಸೈಜ್ ದೊಡ್ಡದೇ ತಗೊಂಡೆ. ಆ ತಪ್ಪಿನ ಕತೆ ಮುಂದೆ ಬರುತ್ತದೆ.

ಮೊದಲು ಬಿಸಿಲಿನ ಮಾತು. ಮೆಶ್ ಅಂದರೆ ತಂಪು ಅಂತ ಅಂಗಡಿಯವರು ಹೇಳುತ್ತಾರೆ. ಅರ್ಧ ನಿಜ. ನಮ್ಮ ಚರ್ಮದ ಬಿಸಿಯೇ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಕಾದಿದ್ದರೆ ಅದು ಮೈ ತಣಿಸುವುದಿಲ್ಲ, ಇನ್ನಷ್ಟು ಕಾಯಿಸುತ್ತದೆ. ಆಮೇಲೆ ಉಳಿಯುವುದು ಬೆವರು ಆರಿದರೆ ಸಿಗುವ ತಂಪು ಮಾತ್ರ. ನಮ್ಮಲ್ಲಿ ಬೇಸಿಗೆಯಲ್ಲಿ 40 ದಾಟುವುದು ಮಾಮೂಲು ಅಲ್ವಾ? ಮೇ ತಿಂಗಳ ಮಧ್ಯಾಹ್ನ ಸಿರುಗುಪ್ಪ ರೋಡಿನಲ್ಲಿ ಹೋದರೆ ಒಲೆ ಊದುವ ಗಾಳಿಗೆ ಎದೆಯೊಡ್ಡಿದ ಹಾಗೆ. ನಾನು ಕಂಡುಕೊಂಡ ಉಪಾಯ ಇಷ್ಟು: ಹತ್ತಿ ಬನಿಯನ್ ಪೂರ್ತಿ ಒದ್ದೆ ಮಾಡಿ ಹಾಕಿಕೊಂಡು, ಮೇಲೆ ಜಾಕೆಟ್. ಇಪ್ಪತ್ತು ನಿಮಿಷ ಹಾಯಾಗಿರುತ್ತದೆ. ಆಮೇಲೆ ಮತ್ತೆ ನೀರು. ಬೇಸಿಗೆಯಲ್ಲಿ ಕಾಲುವೆ ನಂಬಿಕೊಳ್ಳಬೇಡಿ, ಬಾಟಲಿ ಜೊತೆಗಿರಲಿ.

ಮೊದಲ ವರ್ಷವೇ ಕೈಕೊಟ್ಟಿದ್ದು ಜೇಬಿನ ಜಿಪ್. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಾಡಿದವರಿಗೆ ಗೊತ್ತು, ಆ ಕೆಂಪು ಧೂಳು ನುಗ್ಗದ ಜಾಗವಿಲ್ಲ. ಜಾಕೆಟ್ ಒಗೆದರೆ ಮೂರನೇ ಬಕೆಟ್ ನೀರೂ ಕೆಂಪಗೇ ಬರುತ್ತದೆ. (ಗಾರ್ಡ್ ತೆಗೆದಿಟ್ಟು ಕೈಯಲ್ಲೇ ಒಗೆಯಿರಿ, ನೆರಳಲ್ಲಿ ಒಣಗಿಸಿ.) ಆ ಧೂಳು ತಿಂದೇ ಪ್ಲಾಸ್ಟಿಕ್ ಜಿಪ್ ಹಲ್ಲು ಕಿತ್ತುಹೋಯಿತು. ಶೋರೂಮಿನವರು "ಜಿಪ್ ವಾರಂಟಿಗೆ ಬರಲ್ಲ" ಅಂತ ಕೈ ತೊಳೆದುಕೊಂಡರು.

ಜೀನ್ಸ್ ಹೊಲಿಯುವ ಊರಲ್ಲಿದ್ದುಕೊಂಡು ಜಿಪ್‌ಗೆ ಅಳುವುದೇ? ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುವ ಒಬ್ಬರ ಹತ್ತಿರ ಹೋದೆ. ಮೆಶ್ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದರು. ಹಳೇ ಹೊಲಿಗೆ ಬ್ಲೇಡಿನಿಂದ ಬಿಚ್ಚಿದರು. ಮೆಶ್ ಹರಿಯದಿರಲಿ ಅಂತ ಒಳಗಡೆ ಡೆನಿಮ್ ಪಟ್ಟಿ ಕೊಟ್ಟು, ದಪ್ಪ ದಾರದಲ್ಲಿ ಎರಡೂ ಜೇಬಿಗೆ ಹಿತ್ತಾಳೆ ಜಿಪ್ ಕೂರಿಸಿದರು. "ಜಾಕೆಟ್ ಹರೀಬೌದು ಅಣ್ಣ, ಇದು ಹರಿಯಲ್ಲ ನೋಡ್ರಿ" ಅಂದರು. ಎಂಬತ್ತು ರೂಪಾಯಿ. ಇವತ್ತಿಗೂ ಇಡೀ ಜಾಕೆಟ್‌ನಲ್ಲಿ ಸಲೀಸಾಗಿ ಓಡುವುದು ಆ ಎರಡು ಜಿಪ್ ಮಾತ್ರ.

2023ರ ಡಿಸೆಂಬರ್‌ನಲ್ಲಿ ನಾವು ಏಳು ಜನ ಥಾರ್ ಮರುಭೂಮಿಗೆ ಹೊರಟೆವು. ಪೆಟ್ರೋಲ್ ಖಾಲಿ ಮಾಡಿ, ಗೋಣಿ ಸುತ್ತಿ, ಬೈಕುಗಳನ್ನು ಹುಬ್ಬಳ್ಳಿಯಿಂದ ಜೋಧಪುರಕ್ಕೆ ರೈಲಿಗೆ ಹಾಕಿದೆವು. ಅಲ್ಲಿಂದ ಪೋಖರಣ್ ಮೇಲೆ ಜೈಸಲ್ಮೇರ್, ಸುಮಾರು 280 ಕಿಲೋಮೀಟರ್. ಎಲ್ಲರಿಗೂ ನಾನೇ ಧೈರ್ಯ ಹೇಳಿದ್ದೆ: "ಬಳ್ಳಾರಿ ಬಿಸಿಲು ಕಂಡವರಿಗೆ ಅದ್ಯಾವ ಲೆಕ್ಕ?" ಮರುಭೂಮಿಯಲ್ಲಿ ಚಳಿಯೂ ಇಲ್ಲ, ಮಳೆಯೂ ಇಲ್ಲ ಅಂತ ಎರಡೂ ಲೈನರ್ ಮನೆಯ ಬೀರುವಿನಲ್ಲೇ ಬಿಟ್ಟು ಹೋಗಿದ್ದೆ.

ಜೈಸಲ್ಮೇರ್ ಇರುವುದು ದೇಶದ ಪಶ್ಚಿಮದ ಅಂಚಿನ ಕಡೆ. ಡಿಸೆಂಬರ್‌ನಲ್ಲಿ ಬೆಳಗ್ಗೆ ಏಳಾದರೂ ಸೂರ್ಯನ ಸುಳಿವಿಲ್ಲ. ಮರಳು ಹಗಲು ಎಷ್ಟು ಬೇಗ ಕಾಯುತ್ತದೋ ರಾತ್ರಿ ಅಷ್ಟೇ ಬೇಗ ಆರುತ್ತದೆ. ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ, ಕಾವು ಹಿಡಿದಿಡುವುದಕ್ಕೆ ಏನೂ ಇಲ್ಲ. ಆ ಹೊತ್ತಲ್ಲಿ ಪಾಕಿಸ್ತಾನದ ಗಡಿ ಹತ್ತಿರದ ತನೋಟ್ ಕಡೆ ಹೊರಟರೆ ಜಾಕೆಟ್ ಹಾಕಿದ್ದೇನೆ ಅಂತಲೇ ಅನ್ನಿಸಲಿಲ್ಲ, ಅಷ್ಟು ಗಾಳಿ. ಹಲ್ಲು ಕಟಕಟ. ರಾಮಗಢದಲ್ಲಿ ಚಹಾ ಅಂಗಡಿಯವರು ನನ್ನ ಅವತಾರ ನೋಡಿ ಹಳೇ ಹಿಂದಿ ಪೇಪರ್ ಕೊಟ್ಟರು. ಮಡಚಿ ಎದೆಗೆ ನಾಲ್ಕು ಹಾಳೆ, ಹೊಟ್ಟೆಗೆ ಎರಡು. ಬ್ರೇಕ್ ಹಿಡಿದಾಗಲೆಲ್ಲ ಒಳಗೆ ಪರಪರ ಸದ್ದು. ಸಂಗಡಿಗರು ಊರಿಗೆ ಬಂದಮೇಲೂ ನನ್ನನ್ನು "ಪೇಪರ್" ಅಂತಲೇ ಕರೆದರು.

ಹಾಗಾಗಿ ಹೇಳುತ್ತೇನೆ, ಈ ಜಾಕೆಟ್ ಬಳ್ಳಾರಿಯದು, ಮರುಭೂಮಿಯದಲ್ಲ. ಹನ್ನೊಂದರ ಮೇಲೆ ಸಂಜೆ ಐದರವರೆಗೆ ಚೆನ್ನಾಗಿಯೇ ಇತ್ತು. ಉಳಿದ ಹೊತ್ತಿಗೆ ಲೈನರ್ ಬೇಕೇ ಬೇಕು. ಮಳೆಯ ಲೈನರ್ ಒಂದೇ ಇದ್ದಿದ್ದರೂ ಸಾಕಿತ್ತು, ಅದು ಗಾಳಿಯನ್ನೂ ತಡೆಯುತ್ತದೆ. (ಮಳೆಗೆ ಮಾತ್ರ ಅದು ದಂಡ. ಒಳಗೆ ಹಾಕುವುದರಿಂದ ಹೊರಗಿನ ಜಾಕೆಟ್ ನೆನೆದು ಮಣಭಾರ ಆಗುತ್ತದೆ. ಮೇಲೆ ಹಾಕುವ ರೇನ್‌ಕೋಟೇ ವಾಸಿ.)

ತನೋಟ್ ಗುಡಿಯನ್ನು ಬಿಎಸ್‌ಎಫ್ ಯೋಧರೇ ನೋಡಿಕೊಳ್ಳುತ್ತಾರೆ, 1965ರ ಯುದ್ಧದಲ್ಲಿ ಬಿದ್ದು ಸಿಡಿಯದ ಶೆಲ್‌ಗಳನ್ನು ಅಲ್ಲಿಟ್ಟಿದ್ದಾರೆ. ಕೈ ಮುಗಿದು ಲೋಂಗೇವಾಲಾ ಕಡೆ ತಿರುಗಿದೆವು. ರಸ್ತೆ ದಿಬ್ಬಗಳ ಮೇಲೆ ಏರಿ ಇಳಿಯುತ್ತದೆ, ಅಲ್ಲಲ್ಲಿ ಮರಳು ಟಾರಿನ ಮೇಲೆ ಹರಡಿಕೊಂಡಿರುತ್ತದೆ. ಮುಂದಿನವನು ಕೈ ಎತ್ತಿ ಎಚ್ಚರಿಸಿದ. ಮರಳಿನಲ್ಲಿ ಮುಂದಿನ ಬ್ರೇಕ್ ಮುಟ್ಟಬಾರದು ಅಂತ ಹಿಂದಿನ ರಾತ್ರಿ ಎಲ್ಲರಿಗೂ ಪಾಠ ಮಾಡಿದ್ದವನು ನಾನೇ. ಮುಟ್ಟಿದೆ. ಮೂವತ್ತರ ಸ್ಪೀಡಿನಲ್ಲಿ ಎಡಕ್ಕೆ ಬಿದ್ದೆ.

ಭುಜಕ್ಕೆ ಏನೂ ಆಗಲಿಲ್ಲ. ಮೊಣಕೈ ಮಾತ್ರ ಎರಡು ರೂಪಾಯಿ ಅಗಲ ಸುಲಿಯಿತು. ತೋಳು ಸಡಿಲ ಇದ್ದದ್ದಕ್ಕೆ ಗಾರ್ಡ್ ತಿರುಗಿ ಒಳಮಗ್ಗುಲಿಗೆ ಹೋಗಿ ಕೂತಿತ್ತು. ದೊಡ್ಡ ಸೈಜಿನ ಫಲ. ತೋಳಿನ ಪಟ್ಟಿ ಬಿಗಿ ಮಾಡಿದ್ದರೂ ನಿಲ್ಲುತ್ತಿತ್ತೇನೋ, ಗಾಳಿಯ ಆಸೆಗೆ ಅದನ್ನೂ ಬಿಟ್ಟಿದ್ದೆ. ಅಂಗಡಿಯಲ್ಲಿ ಹಾಕಿ ನೋಡುವಾಗ ಹ್ಯಾಂಡಲ್ ಹಿಡಿದ ಹಾಗೆ ಕೈ ಚಾಚಿ, ಗಾರ್ಡ್ ಹಿಡಿದು ತಿರುಗಿಸಿ ನೋಡಿ. ಜರುಗಿದರೆ ಅದು ನಿಮ್ಮ ಸೈಜ್ ಅಲ್ಲ.

ಗಾರ್ಡ್ ಮೇಲೆ ಸಿಇ (ಯುರೋಪಿನ ಸುರಕ್ಷತೆಯ ಗುರುತು) ಲೆವೆಲ್ 1 ಅಂತ ಇತ್ತು. ಕೈಕಾಲಿನ ಗಾರ್ಡ್‌ಗೆ ಪರೀಕ್ಷೆಯಲ್ಲಿ ಲೆವೆಲ್ 1 ಸರಾಸರಿ 35 ಕಿಲೋನ್ಯೂಟನ್‌ (ಬಲದ ಅಳತೆ) ವರೆಗೆ ಪೆಟ್ಟು ಒಳಗೆ ಬಿಡಬಹುದು, ಲೆವೆಲ್ 2 ಆದರೆ 20. ಬೆನ್ನಿಗೆ ಕೊಟ್ಟಿದ್ದು ಬರೀ ಸ್ಪಂಜು, ಅದರ ಮೇಲೆ ಯಾವ ಗುರುತೂ ಇಲ್ಲ. ಊರಿಗೆ ಬಂದು ಮೊದಲು ಬೆನ್ನಿಗೆ ಲೆವೆಲ್ 2 ಪ್ಯಾಡ್ ಹಾಕಿಸಿದೆ.

ಈಗ ಮೂರು ಬೇಸಿಗೆ ಕಳೆದಿದೆ. ಬಣ್ಣ ಮಾಸಿದೆ, ಮುಂಗೈ ವೆಲ್ಕ್ರೋ ಹಿಡಿಯುತ್ತಿಲ್ಲ, ಬಟ್ಟೆ ಮಾತ್ರ ಎಲ್ಲೂ ಜಗ್ಗಿಲ್ಲ. ತೋಳು ಎರಡು ಇಂಚು ಒಳಗೆ ಹಿಡಿಯಿರಿ ಅಂತ ಮೊನ್ನೆ ಕೌಲ್ ಬಜಾರಿಗೇ ಒಯ್ದು ಕೊಟ್ಟೆ. ಒಳಮಗ್ಗುಲು ತಿರುವಿ ಕೊಡವಿದರೆ ಅವರ ಮಿಷನ್ ಮೇಲೆ ಒಂದು ಚಿಟಿಕೆ ಬಿಳಿ ಮರಳು ಬಿತ್ತು. "ಇದು ನಮ್ಮ ಹಗರಿ ಹೊಳೆ ಮರಳಲ್ಲ ಬಿಡ್ರಿ" ಅಂತ ಊದಿ ಹಾರಿಸಿ, ಮಂಗಳವಾರ ಬರೋಕೆ ಹೇಳಿದ್ದಾರೆ.