ಫೆಟ್ ಸಿಮ್ಯುಲೇಶನ್: ವರ್ಷಗಟ್ಟಲೆ ಬಳಸಿದ ಸೈನ್ಸ್ ಮಿಸ್ ಒಬ್ಬಳ ರಿವ್ಯೂ

ಬ್ರೌಸರಲ್ಲಿ ಆ್ಯನಿಮೇಶನ್ ಓಡಿಸ್ತಿದ್ದ ಹಳೇ ಸಾಫ್ಟ್‌ವೇರ್ ಫ್ಲಾಶ್ ಕಾಲದಿಂದ ಫೆಟ್ (PhET) ಬಳಸ್ತಾ ಇದೀನಿ. ಕನ್ನಡ ಮೀಡಿಯಂ ಸರ್ಕಾರಿ ಹೈಸ್ಕೂಲು, ಎಂಟರಿಂದ ಹತ್ತನೇ ಕ್ಲಾಸಿನ ತನಕ ವಿಜ್ಞಾನ ನಂದು. ಈ ಮಧ್ಯೆ ಎಷ್ಟೋ ಆ್ಯಪ್‌ಗಳು ಬಂದ್ವು, ಟ್ರೈನಿಂಗಲ್ಲಿ ಕೂರಿಸಿ ಇನ್‌ಸ್ಟಾಲ್ ಮಾಡಿಸಿದ್ರು, ಗ್ರೂಪ್ ಫೋಟೋ ತೆಗೆದ್ರು, ಎರಡು ವರ್ಷ ಆಗೋದ್ರಲ್ಲಿ ಪಾಸ್‌ವರ್ಡೂ ನೆನಪಿಲ್ಲ ಆ್ಯಪೂ ಇಲ್ಲ. ಉಳ್ಕೊಂಡಿದ್ದು ಇದೊಂದು. ಅದಕ್ಕೆ ಕೂತು ಉದ್ದಕ್ಕೆ ಬರೀತಾ ಇದೀನಿ, ಹೊಸದಾಗಿ ಸೇರಿರೋ ಟೀಚರ್‌ಗಳಿಗೆ ಉಪಯೋಗಕ್ಕೆ ಬರಬಹುದು.

ಗೊತ್ತಿಲ್ಲದವರಿಗೆ: ಅಮೆರಿಕದ ಕೊಲರಾಡೊ ಬೌಲ್ಡರ್ ಯೂನಿವರ್ಸಿಟಿಯವರು ಮಾಡಿರೋ ವಿಜ್ಞಾನ, ಗಣಿತದ ಸಿಮ್ಯುಲೇಶನ್‌ಗಳಿವು, ಅಂದ್ರೆ ಸ್ಕ್ರೀನ್ ಮೇಲೆ ನಾವೇ ಮಾಡಿ ನೋಡೋ ಪ್ರಯೋಗಗಳು. 2001ರಲ್ಲಿ ಫಿಸಿಕ್ಸ್ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಕ್ಲಾಸಲ್ಲಿ ಬಳಸೋಕೆ ದುಡ್ಡಿಲ್ಲ, ಬ್ರೌಸರಲ್ಲಿ ತೆರೆಯೋಕೆ ಲಾಗಿನ್ನೂ ಬೇಡ, ಮಧ್ಯೆ ಜಾಹೀರಾತೂ ಬರಲ್ಲ. 2020ರ ಕೊನೆಗೆ ಫ್ಲಾಶ್ ನಿಂತಾಗ ಬೇರೆ ಎಷ್ಟೋ ಸೈಟುಗಳ ಆ್ಯನಿಮೇಶನ್‌ಗಳು ಹಂಗೇ ಸತ್ತು ಹೋದ್ವು, ಇವರು ಅಷ್ಟರಲ್ಲಾಗಲೇ ಮುಖ್ಯವಾದವನ್ನೆಲ್ಲ ಒಂದೊಂದಾಗಿ ಈಗಿನ ಬ್ರೌಸರ್‌ಗಳಲ್ಲಿ ನೇರವಾಗಿ ಓಡೋ ಎಚ್‌ಟಿಎಂಎಲ್5ಗೆ ತರ್ತಾ ಇದ್ರು, ಹಂಗಾಗಿ ಈಗ ಮೊಬೈಲಲ್ಲೂ ಓಡುತ್ತೆ. ಹಳೇ ಜಾವಾದಲ್ಲೇ ಉಳಿದಿರೋ ಕೆಲವು ಮಾತ್ರ ಫೋನಲ್ಲಿ ಓಡಲ್ಲ, ಅವನ್ನ ಮರೆತುಬಿಡಿ.

ನಮ್ಮಂಥ ಸ್ಕೂಲಿಗೆ ದೊಡ್ಡ ಅನುಕೂಲ ಅಂದ್ರೆ ಡೌನ್‌ಲೋಡ್. ಒಂದೊಂದು ಸಿಮ್ಯುಲೇಶನ್ನೂ ಒಂದೇ ಫೈಲು, ಮನೇಲಿ ವೈಫೈ ಇದ್ದಾಗ ಇಳಿಸಿ ಪೆನ್‌ಡ್ರೈವ್‌ಗೆ ಹಾಕೊಂಡು ಹೋದ್ರೆ ಆಯ್ತು, ಸ್ಕೂಲಲ್ಲಿ ನೆಟ್ ಇರಲಿ ಬಿಡಲಿ ಲ್ಯಾಪ್‌ಟಾಪಿನ ಕ್ರೋಮಲ್ಲಿ ತೆರೆಯುತ್ತೆ. ಬ್ರೌಸರ್ ತೀರಾ ಹಳೇದಾಗಿದ್ರೆ ತಕರಾರು ಮಾಡುತ್ತೆ, ಅಪ್‌ಡೇಟ್ ಮಾಡ್ಕೊಳ್ಳಿ. ಕರೆಂಟ್ ಹೋದ್ರೆ ಪ್ರೊಜೆಕ್ಟರ್ ಹೋಗುತ್ತೆ, ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಹೆಂಗೋ ಒಂದು ಪೀರಿಯಡ್ ತಳ್ಳಬಹುದು. ಮಕ್ಕಳ ಮನೆಗೆ ಕಳಿಸೋದಾದ್ರೆ ಮಾತ್ರ ಫೈಲ್ ಬೇಡ, ವಾಟ್ಸಾಪಲ್ಲಿ ಲಿಂಕ್ ಹಾಕಿ, ಅಪ್ಪಂದಿರ ಫೋನಲ್ಲಿ ಫೈಲ್ ಎಲ್ಲಿ ಹೋಯ್ತು ಅಂತ ಹುಡುಕೋದೇ ಒಂದು ಪಾಠ ಆಗಿಬಿಡುತ್ತೆ.

ಇಷ್ಟು ವರ್ಷದಲ್ಲಿ ಅತಿ ಹೆಚ್ಚು ತೆರೆದಿರೋದು ವಿದ್ಯುತ್ ಮಂಡಲದ್ದು, ಡಿಸಿ ಸರ್ಕ್ಯೂಟ್ ಕಟ್ಟೋದು. ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠಕ್ಕೆ ಇದಿಲ್ದೆ ನಾನು ಹೋಗೋದೇ ಇಲ್ಲ. ಮಕ್ಕಳ ತಲೇಲಿ ಕೂತಿರೋ ಒಂದು ನಂಬಿಕೆ ಇದೆ, ಸೈನ್ಸ್ ಟೀಚರ್‌ಗಳಿಗೆಲ್ಲ ಗೊತ್ತು, ಕರೆಂಟು ಬಲ್ಬಲ್ಲಿ ಖರ್ಚಾಗಿ ವಾಪಸ್ ಬರುವಾಗ ಕಮ್ಮಿ ಆಗಿರುತ್ತೆ ಅಂತ. ಬೋರ್ಡ್ ಮೇಲೆ ಎಷ್ಟು ಸಲ ಬರೆದ್ರೂ ಅದು ಹೋಗಲ್ಲ, ಪರೀಕ್ಷೇಲಿ ಸರಿಯಾಗಿ ಬರೆದು ಮನಸ್ಸಲ್ಲಿ ಹಂಗೇ ಇಟ್ಕೊಂಡಿರ್ತಾರೆ. ಈ ಸಿಮ್ಯುಲೇಶನ್‌ನಲ್ಲಿ ನೀಲಿ ಚುಕ್ಕೆಗಳಾಗಿ ಎಲೆಕ್ಟ್ರಾನ್ ಓಡೋದು ಕಾಣುತ್ತೆ, ಬಲ್ಬಿಗೆ ಮುಂಚೆ ಎಷ್ಟು ಸ್ಪೀಡೋ ದಾಟಿದ ಮೇಲೂ ಅಷ್ಟೇ. ನಾನು ತೋರಿಸೋ ಮುಂಚೆ ನೋಟ್‌ಬುಕ್ಕಲ್ಲಿ ಊಹೆ ಬರೆಸ್ತೀನಿ, ಬಲ್ಬಿನ ಆ ಕಡೆ ಈ ಕಡೆ ಕರೆಂಟ್ ಅಳೆಯೋ ಎರಡು ಆಮೀಟರ್ ಇಟ್ರೆ ರೀಡಿಂಗ್ ಹೆಂಗಿರುತ್ತೆ ಅಂತ. ಅರ್ಧ ಕ್ಲಾಸ್ ಬೇರೆ ಬೇರೆ ಅಂತ ಬರೆದಿರುತ್ತೆ. ಆಮೇಲೆ ಎರಡರಲ್ಲೂ ಒಂದೇ ನಂಬರ್ ಬಂದಾಗ ಶುರುವಾಗುತ್ತೆ ನೋಡಿ ಜಗಳ, "ಮಿಸ್, ಮತ್ತೆ ಬಲ್ಬ್ ಉರಿಯೋಕೆ ಏನು ಖರ್ಚಾಯ್ತು?" ಅಂತ ಯಾರಾದ್ರೂ ಕೇಳೇ ಕೇಳ್ತಾರೆ, ಆ ಪ್ರಶ್ನೆ ಬಂತು ಅಂದ್ರೆ ವಿಭವಾಂತರದ (ವೋಲ್ಟೇಜಿನ) ಪಾಠ ಅರ್ಧ ಮುಗಿದ ಹಾಗೆ.

ಇದೇ ಸರ್ಕ್ಯೂಟ್ ವಿಷಯಕ್ಕೆ ಫೆಟ್‌ನವರದ್ದೇ ಒಂದು ಅಧ್ಯಯನ ಇದೆ, 2005ರಲ್ಲಿ ಬಂದಿದ್ದು, ನಿಜವಾದ ಸಾಮಾನು ಹಿಡಿದು ಕಲಿತವರಿಗಿಂತ ಸಿಮ್ಯುಲೇಶನ್ನಲ್ಲಿ ಕಲಿತ ಕಾಲೇಜು ವಿದ್ಯಾರ್ಥಿಗಳು ಆಮೇಲೆ ನಿಜವಾದ ಸರ್ಕ್ಯೂಟ್ ಕಟ್ಟೋದ್ರಲ್ಲೂ ಮುಂದಿದ್ರು ಅಂತ. ಅದನ್ನ ಹಿಡ್ಕೊಂಡು ಲ್ಯಾಬ್ ಬೀರುಗೆ ಬೀಗ ಹಾಕೋರು ಇದಾರೆ, ನನಗೆ ಅದು ಒಪ್ಪಿಗೆ ಇಲ್ಲ. ಸ್ಕ್ರೀನಲ್ಲಿ 9 ವೋಲ್ಟ್ ಬ್ಯಾಟರಿ, 10 ಓಮ್ ರೋಧಕ ಹಾಕಿದ್ರೆ 0.90 ಆಂಪಿಯರ್ ಬಂದೇ ಬರುತ್ತೆ. ನಮ್ಮ ಲ್ಯಾಬಲ್ಲಿ ಸೆಲ್ ಅರ್ಧ ಸತ್ತಿರುತ್ತೆ, ವೈರಿನ ತುದಿ ತುಕ್ಕು ಹಿಡಿದಿರುತ್ತೆ, ಕ್ಲಿಪ್ ಲೂಸ್ ಇರುತ್ತೆ. ಯಾಕೆ ಬರ್ತಿಲ್ಲ ಅಂತ ಹುಡುಕೋದು ಇದ್ಯಲ್ಲ ಅದನ್ನ ಸ್ಕ್ರೀನ್ ಕಲಿಸಲ್ಲ. ವೈರಿನ ರೋಧ, ಬ್ಯಾಟರಿಯ ಒಳರೋಧ ಹೆಚ್ಚು ಕಮ್ಮಿ ಮಾಡೋ ಸ್ಲೈಡರ್ ಅದರಲ್ಲೂ ಇದೆ, ಅಡ್ವಾನ್ಸ್ಡ್ ಅನ್ನೋದರೊಳಗೆ ಬಚ್ಚಿಟ್ಟಿದಾರೆ, ಬುದ್ಧಿವಂತ ಮಕ್ಕಳಿಗೆ ಅದನ್ನ ತೋರಿಸಿ. ಆದ್ರೂ ಒಂದು ಪೀರಿಯಡ್ ಸ್ಕ್ರೀನು, ಅದರ ಮಾರನೇ ದಿನವೇ ವೈರು ಸೆಲ್ಲು, ಇದು ನನ್ನ ಲೆಕ್ಕ.

ಬೆಳಕಿನ ಪಾಠಕ್ಕೆ ಜಿಯೋಮೆಟ್ರಿಕ್ ಆಪ್ಟಿಕ್ಸ್ ಅನ್ನೋದು. ಎಸ್‌ಎಸ್‌ಎಲ್‌ಸಿಗೆ ರೇಖಾಚಿತ್ರ ಬಾಯಿಪಾಠ ಮಾಡಿಸೋ ನಮಗೆಲ್ಲ ಇದು ವರ. ಎಫ್ ಅಂದ್ರೆ ಪೀನ ಮಸೂರದ ಸಂಗಮದೂರ, ವಸ್ತುವನ್ನ ಅದರ ಎರಡರಷ್ಟು, ಅಂದ್ರೆ 2ಎಫ್ ಆಚೆಯಿಂದ ನಿಧಾನಕ್ಕೆ ಎಳ್ಕೊಂಡು ಬಂದ್ರೆ ಆ ಕಡೆ ಬಿಂಬ ದೊಡ್ಡದಾಗ್ತಾ ದೂರ ಓಡುತ್ತೆ, ಎಫ್ ದಾಟಿ ಒಳಗೆ ಬಂದ ಕ್ಷಣ ಈ ಕಡೆಗೆ ಹಾರಿ ಮಿಥ್ಯಬಿಂಬ ಆಗುತ್ತೆ. ಪುಸ್ತಕದ ಆರು ಬೇರೆ ಬೇರೆ ಚಿತ್ರಗಳು ಒಂದೇ ಕಥೆ ಅಂತ ಮಕ್ಕಳಿಗೆ ಗೊತ್ತಾಗೋದು ಇಲ್ಲೇ. ಅಭ್ಯಾಸದಲ್ಲಿ ಒಂದು ಪ್ರಶ್ನೆ ಇದ್ಯಲ್ಲ, ಪೀನ ಮಸೂರದ ಅರ್ಧ ಭಾಗಕ್ಕೆ ಕಪ್ಪು ಕಾಗದ ಮುಚ್ಚಿದ್ರೆ ಪೂರ್ತಿ ಬಿಂಬ ಬರುತ್ತಾ ಅಂತ, ಇದರಲ್ಲಿ ಅರ್ಧ ಮುಚ್ಚೋಕೆ ಆಗಲ್ಲ ಆದ್ರೆ ಮಸೂರದ ವ್ಯಾಸ ಕಮ್ಮಿ ಮಾಡಬಹುದು, ಬಿಂಬ ಪೂರ್ತಿ ಇದ್ದು ಮಂಕಾಗುತ್ತೆ, ಅಷ್ಟು ಸಾಕು. ಉಳಿದಿದ್ದಕ್ಕೆ ಒಂದು ಭೂತಗನ್ನಡಿ, ಒಂದು ಕಾಗದ, ಕಿಟಕಿಯ ಬೆಳಕು.

ಆಮ್ಲ, ಪ್ರತ್ಯಾಮ್ಲ ಅಳೆಯೋ ಪಿಎಚ್ ಸ್ಕೇಲ್ ಸಿಮ್ಯುಲೇಶನ್‌ನಲ್ಲಿ ಪರೀಕ್ಷೆ ಮಾಡೋಕೆ ಕೊಟ್ಟಿರೋ ದ್ರವಗಳಲ್ಲಿ ಕಾಫಿ, ಹಾಲಿನ ಜೊತೆ ಉಗುಳು, ವಾಂತಿಯೂ ಇದೆ. ಎಂಟನೇ ಕ್ಲಾಸಲ್ಲಿ ಇದನ್ನ ತೆರೆದ್ರೆ ಹತ್ತು ನಿಮಿಷ ಕ್ಲಾಸ್ ಕೈಗೆ ಸಿಗಲ್ಲ, ಹತ್ತನೆಯವರು ಸ್ವಲ್ಪ ಮರ್ಯಾದಸ್ಥರು. ಹುಣಸೆ ರಸ ಅದರಲ್ಲಿಲ್ಲ, ಅದಕ್ಕೆ ಅರಿಶಿನದ ಕಾಗದ, ಸೋಪು ನೀರು ಮನೆಯಿಂದ್ಲೇ ತರಿಸಿಬಿಡಿ.

ಇಷ್ಟ ಆಗದೇ ಇರೋದು ರಾಸಾಯನಿಕ ಸಮೀಕರಣ ಸರಿದೂಗಿಸೋದು. ಸಿಮ್ಯುಲೇಶನ್ ಚೆನ್ನಾಗೇ ಇದೆ, ಎರಡೂ ಕಡೆ ಪರಮಾಣುಗಳನ್ನ ತಕ್ಕಡಿಯಲ್ಲಿಟ್ಟು ತೋರಿಸುತ್ತೆ, ಆದ್ರೆ ಮಕ್ಕಳು ಯೋಚನೆ ಮಾಡದೆ ಬಾಣ ಒತ್ತಿ ಒತ್ತಿ ನಂಬರ್ ಏರಿಸಿ ಇಳಿಸಿ ಉತ್ತರ ತೆಗೆದುಬಿಡ್ತಾರೆ. ಪೇಪರಲ್ಲಿ ಮೊದಲು ಮಾಡಿ ಆಮೇಲೆ ಇದರಲ್ಲಿ ಚೆಕ್ ಮಾಡಿ ಅಂದ್ರೆ ಮಾತ್ರ ಪ್ರಯೋಜನ. ಜೀವಶಾಸ್ತ್ರದವರಿಗೂ ಇಲ್ಲಿ ಜಾಸ್ತಿ ಏನಿಲ್ಲ, ನೈಸರ್ಗಿಕ ಆಯ್ಕೆಗೆ ಮೊಲಗಳದ್ದು ಒಂದು ತುಂಬಾ ಚಂದ ಇದೆ, ಹೃದಯ ಮೂತ್ರಪಿಂಡ ಅಂತ ಹುಡುಕಿದ್ರೆ ಬರಿಗೈ. ಕನ್ನಡ ಅನುವಾದ ಸ್ವಯಂಸೇವಕರು ಮಾಡೋ ಕೆಲಸ ಆದ್ದರಿಂದ ಎಲ್ಲದಕ್ಕೂ ಇಲ್ಲ, ಇರೋವನ್ನ ಭಾಷೆ ಪ್ರಕಾರ ಫಿಲ್ಟರ್ ಮಾಡಿ ಇಳಿಸ್ಕೊಳ್ಳಿ. ಉಳಿದವು ಇಂಗ್ಲಿಷಲ್ಲೇ ಇದ್ರೂ ಪದ ಕಮ್ಮಿ ಚಿತ್ರ ಜಾಸ್ತಿ, ನಡೆಯುತ್ತೆ.

ಈಗೆಲ್ಲ ಎಐ ಕಾಲ, ನೀನೇ ಒಂದು ಸಿಮ್ಯುಲೇಶನ್ ಬರೆದುಕೊಡು ಅಂದ್ರೆ ಎರಡು ನಿಮಿಷದಲ್ಲಿ ಕೊಡುತ್ತೆ, ಅದೂ ಕನ್ನಡದಲ್ಲೇ. ನಾನೂ ಲೆನ್ಸಿನದ್ದು ಬರೆಸಿದೆ, ಬಣ್ಣ ಗಿಣ್ಣ ಎಲ್ಲ ಚೆನ್ನಾಗಿತ್ತು, ಕಿರಣ ಮಾತ್ರ ಸಂಗಮಬಿಂದು ಬಿಟ್ಟು ಪಕ್ಕದಲ್ಲಿ ಹಾದು ಹೋಗ್ತಿತ್ತು. ನಮಗೆ ಗೊತ್ತಾಗುತ್ತೆ, ಮಕ್ಕಳಿಗೆ ಗೊತ್ತಾಗಲ್ಲ. ಫೆಟ್‌ನವರು ಒಂದೊಂದನ್ನೂ ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅವರು ಎಲ್ಲಿ ಒತ್ತುತಾರೆ, ಏನು ತಪ್ಪು ತಿಳ್ಕೊಳ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಿ ತಿದ್ದಿರ್ತಾರೆ, ಆ ವ್ಯತ್ಯಾಸ ಬಳಸಿದವರಿಗೆ ಗೊತ್ತು.

2020ರ ಶಿಕ್ಷಣ ನೀತಿ ಟೀಚರ್‌ಗಳು ವರ್ಷಕ್ಕೆ 50 ಗಂಟೆ ವೃತ್ತಿ ತರಬೇತಿ ತಗೋಬೇಕು ಅನ್ನುತ್ತೆ. ಒಳ್ಳೇದೇ. ಆದ್ರೆ ಆನ್‌ಲೈನ್ ಕೋರ್ಸಲ್ಲಿ ವಿಡಿಯೋ ಮ್ಯೂಟ್ ಮಾಡಿ ಓಡಿಸಿ ಸರ್ಟಿಫಿಕೇಟ್ ಇಳಿಸೋದು ಎಲ್ಲರಿಗೂ ಗೊತ್ತಿರೋ ಗುಟ್ಟು. ಆ 50ರಲ್ಲಿ ಎರಡು ಗಂಟೆ ಫೆಟ್ ಸೈಟಲ್ಲಿ ಬೇರೆ ಟೀಚರ್‌ಗಳು ಹಾಕಿರೋ ಚಟುವಟಿಕೆ ಹಾಳೆಗಳನ್ನ ಓದೋಕೆ ಕೊಟ್ಟಿದ್ರೆ ನನಗೆ ಹೆಚ್ಚು ಲಾಭ ಆಗ್ತಿತ್ತು. ಸಿಮ್ಯುಲೇಶನ್‌ಗೆ ಅಕೌಂಟ್ ಬೇಡ, ಈ ಹಾಳೆಗಳಿಗೆ ಬೇಕು, ಅದೂ ಫ್ರೀ. ಹೆಚ್ಚಿನವು ಇಂಗ್ಲಿಷಲ್ಲಿವೆ, ನಮ್ಮ ಪಾಠಕ್ಕೆ ಹೊಂದಿಸ್ಕೊಳ್ಳೋ ಕೆಲಸ ನಮ್ಮದೇ.

ಹೊಸಬರಿಗೆ ಇಷ್ಟೇ: ಪ್ರೊಜೆಕ್ಟರಲ್ಲಿ ನೀವೇ ಮೌಸ್ ಹಿಡಿದು ಸಿನಿಮಾ ಥರ ತೋರಿಸಬೇಡಿ, ಲ್ಯಾಪ್‌ಟಾಪ್ ಒಂದೇ ಇದ್ರೂ ಸರದಿ ಮೇಲೆ ಮಕ್ಕಳ ಕೈಗೆ ಕೊಡಿ. ಓಮ್‌ನ ನಿಯಮದ್ದರಿಂದ ಶುರು ಮಾಡಿ, ಎರಡೇ ಸ್ಲೈಡರ್ ಇರೋದು, ವೋಲ್ಟೇಜ್ ಏರಿಸಿದ್ರೆ ಸೂತ್ರದಲ್ಲಿರೋ ಅಕ್ಷರವೇ ದೊಡ್ಡದಾಗುತ್ತೆ. ಮೊದಲ ಐದು ನಿಮಿಷ ಏನೂ ಹೇಳಬೇಡಿ, ಸುಮ್ನೆ ಆಡಲಿ. ಆಮೇಲೆ ಒಂದೇ ಪ್ರಶ್ನೆ ಕೇಳಿ: ರೋಧ ಎರಡರಷ್ಟಾದ್ರೆ ಕರೆಂಟ್ ಎಷ್ಟಾಗುತ್ತೆ, ಮುಟ್ಟದೆ ಹೇಳಿ.