ಉಚಿತ ಶುಗರ್ ಟೆಸ್ಟಿಗೆ ಬೆರಳು ಕೊಡುವ ಮುನ್ನ ಸೂಜಿ ನೋಡಿ

ಶುಗರ್ ತಪಾಸಣೆ ಶಿಬಿರಗಳಿಗೆ ಹೋಗುವವರು, ಮನೆಯ ಹಿರಿಯರನ್ನು ಕಳಿಸುವವರು ದಯವಿಟ್ಟು ಇದನ್ನು ಓದಿ. ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೂ ಚುಚ್ಚುವುದು ಇನ್ನೂ ನಿಂತಿಲ್ಲ. ನಮ್ಮ ಬಡಾವಣೆಯಲ್ಲೇ ಹಾಗಾಯಿತು. ಚುಚ್ಚಿಸಿಕೊಂಡವರಲ್ಲಿ ನನ್ನ ಅಮ್ಮನೂ ಒಬ್ಬರು.

ಸಮುದಾಯ ಭವನದಲ್ಲಿ ಬಿಪಿ, ಶುಗರ್ ಉಚಿತ ಅಂತ ಬ್ಯಾನರ್ ಕಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರಿಂದ ವಾಕಿಂಗ್ ಮುಗಿಸಿದವರೆಲ್ಲ ಬೆಳಿಗ್ಗೆಯೇ ಸಾಲು ನಿಂತಿದ್ದರು. ಮೇಜಿನ ಹಿಂದೆ ಒಬ್ಬ ಹುಡುಗ, ಕೈಯಲ್ಲಿ ಪೆನ್ನಿನಂಥ ಸಾಧನ. ಗುಂಡಿ ಒತ್ತಿದರೆ ಒಳಗಿನ ಸೂಜಿ ಟಕ್ಕನೆ ಬಂದು ಚುಚ್ಚುತ್ತದೆ. ಮನೆಯಲ್ಲಿ ಗ್ಲುಕೋಮೀಟರ್ ಇರುವವರಿಗೆ ಗೊತ್ತು. ಒಬ್ಬೊಬ್ಬರಿಗೂ ಹೊಸ ಸ್ಟ್ರಿಪ್ ಹಾಕುತ್ತಿದ್ದ. ಆದರೆ ಪೆನ್ನಿನ ಮುಚ್ಚಳ ಒಮ್ಮೆಯೂ ಬಿಚ್ಚಲಿಲ್ಲ. ಅಮ್ಮನ ಬೆರಳಿನ ರಕ್ತ ಸ್ಟ್ರಿಪ್ಪಿಗೆ ತಾಗಿದಾಗ ಕೇಳಿದೆ, "ಸೂಜಿ ಬದಲಾಯಿಸಲ್ವೇನಪ್ಪಾ?"

"ಸ್ಪಿರಿಟ್‌ನಲ್ಲಿ ಒರೆಸ್ತಾ ಇದೀನಲ್ಲ ಮೇಡಂ, ಏನೂ ಆಗಲ್ಲ."

ಸಂಘಟಕರನ್ನು ಕರೆದರೆ, "ಫ್ರೀ ಕ್ಯಾಂಪಲ್ಲಿ ಇಷ್ಟೆಲ್ಲ ಕೇಳಿದ್ರೆ ಹೇಗಮ್ಮ" ಅಂದರು. ಈಗಲೂ ಆ ಮಾತಿಗೆ ಹೊಟ್ಟೆ ಉರಿಯುತ್ತದೆ. ಬೆರಳು ಚುಚ್ಚುವ ಆ ಪುಟ್ಟ ಸೂಜಿಗೆ, ಅಂದರೆ ಒಂದು ಲ್ಯಾನ್ಸೆಟ್ಟಿಗೆ, ಕೆಲವೇ ರೂಪಾಯಿ. ಶಾಮಿಯಾನಕ್ಕೂ ಶಾಲಿಗೂ ದುಡ್ಡಿರುವವರಿಗೆ ಅದು ಭಾರವಲ್ಲ.

ಸ್ಪಿರಿಟ್ ಹತ್ತಿಯಿಂದ ಒರೆಸಿದ ಮಾತ್ರಕ್ಕೆ ಸೂಜಿ ಸುರಕ್ಷಿತವಾಗುವುದಿಲ್ಲ. ಎಲ್ಲರೂ ಎಚ್‌ಐವಿಗೆ ಹೆದರುತ್ತಾರೆ, ನಿಜಕ್ಕೂ ಹೆಚ್ಚು ಹೆದರಬೇಕಾದ್ದು ಲಿವರಿಗೆ ತಗುಲುವ ಹೆಪಟೈಟಿಸ್ ಬಿಗೆ. ಆ ವೈರಸ್ ಒಣಗಿದ ರಕ್ತದಲ್ಲಿ, ಮೈಯ ಹೊರಗೆ, ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಸೋಂಕಿತರಿಗೆ ಚುಚ್ಚಿದ ಸೂಜಿ ಆಸ್ಪತ್ರೆ ಸಿಬ್ಬಂದಿಗೆ ತಾಗಿದ ಪ್ರಕರಣಗಳ ಲೆಕ್ಕದಲ್ಲಿ ಎಚ್‌ಐವಿ ಅಂಟುವುದು ಸಾವಿರಕ್ಕೆ ಸುಮಾರು 3 ಮಂದಿಗೆ, ಹೆಪಟೈಟಿಸ್ ಸಿ ನೂರಕ್ಕೆ ಸುಮಾರು 2 ಮಂದಿಗೆ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಅಂಟುವುದು ನೂರಕ್ಕೆ 6ರಿಂದ 30 ಮಂದಿಗೆ. ನಮ್ಮ ದೇಶದ ಮಕ್ಕಳ ಲಸಿಕೆ ಪಟ್ಟಿಗೆ ಇದರ ಲಸಿಕೆ ಎಲ್ಲ ರಾಜ್ಯಗಳಲ್ಲೂ ಸೇರಿದ್ದು 2011-12ರ ಹೊತ್ತಿಗೆ. ಅಂದರೆ ಅಮ್ಮನ ವಯಸ್ಸಿನವರಲ್ಲಿ ಬಹುತೇಕರಿಗೆ ಯಾವ ರಕ್ಷಣೆಯೂ ಇಲ್ಲ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಸಿರಿಂಜುಗಳ ಮರುಬಳಕೆಯಿಂದ ಹೆಪಟೈಟಿಸ್ ಬಿ ಹಬ್ಬಿ ಹಲವರು ಸತ್ತರು.

ಇನ್ನೂ ಒಂದು ವಿಷಯ ನನಗೆ ಡಾಕ್ಟರ್ ಹೇಳಿದ ಮೇಲೆಯೇ ಗೊತ್ತಾಯಿತು. ಸೂಜಿ ಬದಲಿಸಿದರೂ ಆ ಪೆನ್ನನ್ನು ಹಲವರಿಗೆ ಬಳಸುವಂತಿಲ್ಲ, ಅದರ ತುದಿಗೂ ರಕ್ತ ಮೆತ್ತಿರುತ್ತದೆ. ಅದು ಒಬ್ಬರ ಸ್ವಂತ ಬಳಕೆಗೆ ಮಾತ್ರ. ಶಿಬಿರಕ್ಕೆ ಬೇಕಾದ್ದು ಒಮ್ಮೆ ಚುಚ್ಚಿದ ಮೇಲೆ ಸೂಜಿ ಒಳಗೇ ಸೇರಿ ಮತ್ತೆ ಕೆಲಸ ಮಾಡದಂಥ ಲ್ಯಾನ್ಸೆಟ್.

ಅವತ್ತೇ ಅಮ್ಮನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಂಥದ್ದು ನಿಮಗೂ ಆದರೆ ತಡಮಾಡಬೇಡಿ. ಬೆರಳನ್ನು ಹಿಂಡದೆ, ಸೋಪು ನೀರಿನಲ್ಲಿ ತೊಳೆದು ಹೊರಡಿ. ಹೆಪಟೈಟಿಸ್ ಬಿ ಲಸಿಕೆ 24 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು. ಎಚ್‌ಐವಿ ತಡೆಯುವ ಮಾತ್ರೆ ಬೇಕೇ ಬೇಡವೇ ಅಂತ ಡಾಕ್ಟರ್ ತೀರ್ಮಾನಿಸುತ್ತಾರೆ. ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, 28 ದಿನ ನುಂಗಬೇಕು. ಅಮ್ಮನಿಗೆ ಮಾತ್ರೆ ಬೇಡ ಅಂದರು, ಲಸಿಕೆ ಕೊಟ್ಟರು, ರಕ್ತ ತೆಗೆದುಕೊಂಡರು. ಆಗಿನ ರಿಪೋರ್ಟ್ ಸರಿಯಿದೆ ಅಂತ ಸುಮ್ಮನಾಗುವಂತಿಲ್ಲ, ಸೋಂಕು ತಗುಲಿದ್ದರೂ ಮೊದಲ ವಾರಗಳಲ್ಲಿ ಟೆಸ್ಟಿನಲ್ಲಿ ಕಾಣಿಸದಿರಬಹುದು. ಮತ್ತೆ ಪರೀಕ್ಷೆ ಆಗಲೇಬೇಕು. ಆ ಕಾಯುವಿಕೆ ಅಮ್ಮನನ್ನು ಹೈರಾಣು ಮಾಡಿದೆ. ತನ್ನ ತಟ್ಟೆ ಲೋಟ ಬೇರೆ ಇಡು ಅನ್ನುತ್ತಾರೆ. ಊಟದಿಂದ, ಮುಟ್ಟುವುದರಿಂದ ಇವು ಹರಡುವುದಿಲ್ಲ ಅಂತ ಎಷ್ಟು ಹೇಳಿದರೂ ಸಮಾಧಾನವಿಲ್ಲ.

ಕ್ಲಿನಿಕ್‌ಗಳಲ್ಲೂ ಕಣ್ಣಿಟ್ಟು ನೋಡಿ. ಸಿರಿಂಜ್ ಕವರ್ ನಿಮ್ಮೆದುರೇ ಹರಿಯಬೇಕು. ಸೂಜಿ ಮಾತ್ರ ಹೊಸದು, ಸಿರಿಂಜ್ ಹಳೆಯದು ಅಂದರೆ ಅದೂ ಅಪಾಯವೇ, ರಕ್ತ ಸಿರಿಂಜಿನೊಳಗೂ ಬಂದಿರುತ್ತದೆ. ಅದೇ ಸಿರಿಂಜನ್ನು ಹಲವರಿಗೆ ಬಳಸುವ ಔಷಧಿ ಬಾಟಲಿಗೆ ಮತ್ತೆ ಚುಚ್ಚಿದರೆ ಇಡೀ ಬಾಟಲಿ ಕೆಟ್ಟಂತೆ. ಮಾತ್ರೆಯಲ್ಲಿ ಹೋಗುವ ಜ್ವರಕ್ಕೆ "ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ" ಅಂತ ನಾವಾಗಿಯೇ ಕೇಳುವುದನ್ನೂ ಬಿಡೋಣ.

ಇದನ್ನು ಓದಿ ರಕ್ತದಾನ ಮಾತ್ರ ನಿಲ್ಲಿಸಬೇಡಿ. ಅಲ್ಲಿ ಸೂಜಿ ಹೊಸ ಚೀಲಕ್ಕೇ ಅಂಟಿಕೊಂಡು ಬರುತ್ತದೆ, ಒಬ್ಬರಿಗೆ ಬಳಸಿ ಎಸೆಯುತ್ತಾರೆ.

ಆ ಬೆಳಿಗ್ಗೆ ಸಾಲಿನಲ್ಲಿದ್ದ ಪರಿಚಯದವರಿಗೆಲ್ಲ ಫೋನ್ ಮಾಡಿದ್ದೇನೆ, ಗುರುತಿಲ್ಲದವರೇ ಹೆಚ್ಚು. ಇಂಥ ಸಾಲಿನಲ್ಲಿ ಎಲ್ಲೇ ನಿಂತಿದ್ದವರಾದರೂ ಸರಿ, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಮೂರಕ್ಕೂ ಪರೀಕ್ಷೆ ಮಾಡಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿಯಲ್ಲಿ (ಸಲಹೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆ ಉಚಿತ, ಹೆಸರು ಗುಟ್ಟಾಗಿರುತ್ತದೆ. ಕೇಳಲು ಸಂಕೋಚವಾದರೆ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿ. ಹೆಪಟೈಟಿಸ್ ಸಿ ಇದೆ ಅಂತ ಬಂದರೂ ಹೆಚ್ಚಿನವರಿಗೆ ಸುಮಾರು 12 ವಾರದ ಮಾತ್ರೆಯಲ್ಲಿ ವಾಸಿಯಾಗುತ್ತದೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಆ ಮಾತ್ರೆಯೂ ಉಚಿತ.